ಜೇನು ಕಚ್ಚಿ ಉಸಿರು ಕಟ್ಟಿದರೆ ಅಲರ್ಜಿ ಮಾತ್ರೆ ಸಾಕೇ?

ಹೇಳಿಕೆ
ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೂ ಒಂದು ಸಿಟ್ರಿಜಿನ್ ಮಾತ್ರೆ ನುಂಗಿದರೆ ಸಾಕು ಎಂದು ಹಲವರು ನಂಬುತ್ತಾರೆ. ಇದು ತಪ್ಪು, ಪ್ರಾಣಕ್ಕೇ ಅಪಾಯ.

ದೇಹದೊಳಗೆ ಏನಾಗುತ್ತದೆ?
ನಮ್ಮ ಚರ್ಮ, ಶ್ವಾಸನಾಳ, ಕರುಳು ಮತ್ತು ರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳಿವೆ. ಹಿಂದೆ ಜೇನು ಕಚ್ಚಿದಾಗ ಕೆಲವರಲ್ಲಿ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಈ ಕೋಶಗಳಿಗೆ ಅಂಟಿಕೊಂಡಿರುತ್ತದೆ. ಮತ್ತೆ ಕಚ್ಚಿದಾಗ ವಿಷವು ಆ ಪ್ರತಿಕಾಯಕ್ಕೆ ತಗುಲಿದರೆ, ಕೆಲವೇ ನಿಮಿಷಗಳಲ್ಲಿ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ.

ರಕ್ತನಾಳದ ಒಳಪದರದ ಕೋಶಗಳನ್ನು ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್, ಇಟ್ಟಿಗೆಗಳ ನಡುವಿನ ಗಾರೆಯಂತೆ ಹಿಡಿದಿಡುತ್ತದೆ. ಹಿಸ್ಟಮಿನ್ ಈ ಹಿಡಿತವನ್ನು ಸಡಿಲಿಸುತ್ತದೆ. ರಕ್ತದ ದ್ರವಾಂಶ ಹೊರಗೆ ಸೋರುತ್ತದೆ, ನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಇದೇ ಅನಾಫಿಲ್ಯಾಕ್ಸಿಸ್. ಕೆಲವೊಮ್ಮೆ ದದ್ದು ಇಲ್ಲದೆಯೂ ಇದು ಬರಬಹುದು.

ಮಾತ್ರೆ ಏಕೆ ಸಾಲದು?
ಮಾತ್ರೆ ನಿಧಾನವಾಗಿ ಕೆಲಸ ಮಾಡುತ್ತದೆ. ತುರಿಕೆ, ದದ್ದು ತಗ್ಗಿಸುತ್ತದೆಯಷ್ಟೇ. ಕುಸಿದ ರಕ್ತದೊತ್ತಡವನ್ನು ಮೇಲೆತ್ತುವುದಿಲ್ಲ. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ರಕ್ತನಾಳಗಳನ್ನು ಬಿಗಿಗೊಳಿಸಿ, ಉಸಿರಿನ ದಾರಿ ತೆರೆದು, ಮಾಸ್ಟ್ ಕೋಶಗಳನ್ನೂ ತಡೆಯುತ್ತದೆ. ಮೊದಲ ಚಿಕಿತ್ಸೆ ಇದೇ.

ನೀವು ಏನು ಮಾಡಬೇಕು?
ಉಸಿರಾಟದ ತೊಂದರೆ, ನಾಲಿಗೆ ಅಥವಾ ಗಂಟಲಿನ ಊತ, ತಲೆಸುತ್ತು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ವೈದ್ಯರು ಮೊದಲೇ ಅಡ್ರಿನಲಿನ್ ಕೊಟ್ಟಿದ್ದರೆ ತಡಮಾಡದೆ ಬಳಸಿ. ಅವರನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಸ್ವಲ್ಪ ಸುಧಾರಿಸಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಲಕ್ಷಣಗಳು ಕೆಲ ಗಂಟೆಗಳ ನಂತರ ಮರಳಬಹುದು.

ನಮ್ಮ ತೀರ್ಮಾನ
‘ಮಾತ್ರೆ ಸಾಕು’ ಎಂಬ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ.