ಧಾತು, ಈಶ್ವರ ಮತ್ತು ಮಾಂಬಲದ ಕೆರೆ

ಟಿ. ನಗರದಲ್ಲಿ ಮನೆ ಹುಡುಕುವ ನಮ್ಮವರು ಮೊದಲು ಕೇಳುವುದು ನೀರಿನ ವಿಚಾರ. ಬೋರಿನ ನೀರು ಉಪ್ಪೇ, ಮೆಟ್ರೋ ನೀರು ದಿನಾ ಬರುತ್ತದೆಯೇ, ಲಾರಿ ಕರೆಸಬೇಕೇ? ನೂರು ವರ್ಷದ ಹಿಂದೆ ಇಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ, ಏಕೆಂದರೆ ಇಲ್ಲಿದ್ದದ್ದೇ ನೀರು. ನುಂಗಂಬಾಕ್ಕಂನಿಂದ ಸೈದಾಪೇಟೆಯ ಕಡೆಗೆ ಮೌಂಟ್ ರೋಡಿನ ಪಶ್ಚಿಮಕ್ಕೆ ಚಾಚಿಕೊಂಡಿದ್ದ ಉದ್ದನೆಯ ಕೆರೆಯನ್ನು ಇಂಗ್ಲಿಷರು ‘ಲಾಂಗ್ ಟ್ಯಾಂಕ್’ ಎನ್ನುತ್ತಿದ್ದರು. 1890ರ ದಶಕದಲ್ಲಿ ಅದರಲ್ಲಿ ದೋಣಿ ಪಂದ್ಯ ನಡೆದದ್ದುಂಟು. 1923ರ ಹೊತ್ತಿಗೆ ಕೆರೆಯ ನೀರು ಬಸಿದು ಬಡಾವಣೆ ಕಟ್ಟುವ ಕೆಲಸ ಶುರುವಾಯಿತು. ಜಸ್ಟಿಸ್ ಪಕ್ಷದ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು ಊರಿಗೆ ಬಂತು, ಆಗಿನ ಪ್ರಧಾನಿ ಪಾನಗಲ್ ರಾಜರ ಹೆಸರು ಉದ್ಯಾನಕ್ಕೆ ಬಂತು. ಕೆರೆ ಹೋದರೂ ಪಶ್ಚಿಮ ಮಾಂಬಲದಲ್ಲಿ ‘ಲೇಕ್ ವ್ಯೂ ರೋಡ್’ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ.

ಕೆರೆ ಎಂದರೆ ಮಳೆಯ ಮೇಲೆ ಪೂರ್ತಿ ನಂಬಿಕೆ ಇಡದ ಜನರ ಏರ್ಪಾಡು. ಈ ಅಪನಂಬಿಕೆಗೆ ಬಹಳ ಹಳೆಯ ಚರಿತ್ರೆಯಿದೆ.

ಸುಮಾರು 20,000 ವರ್ಷಗಳ ಹಿಂದೆ ಕೊನೆಯ ಹಿಮಯುಗ ಅದರ ತುದಿಯಲ್ಲಿತ್ತು. ಉತ್ತರ ಅಮೆರಿಕ ಮತ್ತು ಯುರೋಪಿನ ಮೇಲೆ ನೀರೆಲ್ಲ ಹಿಮವಾಗಿ ಕೂತಿದ್ದರಿಂದ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದು ಮರೀನಾ ಇರುವಲ್ಲಿ ನಿಂತರೆ ಅಲೆ ಕಾಣುತ್ತಿರಲಿಲ್ಲ. ಕಡಲ ತೀರ ಹತ್ತಾರು ಕಿಲೋಮೀಟರ್ ಪೂರ್ವಕ್ಕಿತ್ತು. ಮುಂದೆ ಹಿಮ ಕರಗಿತು, ಕಡಲು ಏರಿತು. ಆದರೆ ಈ ಬದಲಾವಣೆ ಒಲೆಯ ಮೇಲಿಟ್ಟ ನೀರಿನಂತೆ ಒಂದೇ ಸಮನೆ ಬಿಸಿಯಾಗುತ್ತಾ ಬಂದದ್ದಲ್ಲ.

ಸುಮಾರು 12,900 ವರ್ಷಗಳ ಹಿಂದೆ, ಬೆಚ್ಚಗಾಗುತ್ತಿದ್ದ ಉತ್ತರಾರ್ಧ ಗೋಳ ಹಠಾತ್ತಾಗಿ ಮತ್ತೆ ಶೀತಕ್ಕೆ ಜಾರಿತು. ಶೀತಪ್ರದೇಶದ ‘ಡ್ರಯಾಸ್’ ಎಂಬ ಪುಟ್ಟ ಹೂವಿನ ಹೆಸರಿನಿಂದ ವಿಜ್ಞಾನಿಗಳು ಆ ಕಾಲವನ್ನು ‘ಯಂಗರ್ ಡ್ರಯಾಸ್’ ಎನ್ನುತ್ತಾರೆ. ಅದು ಸುಮಾರು 1,200 ವರ್ಷ ನಡೆಯಿತು. ಮುಗಿದದ್ದು ಇನ್ನೂ ಸೋಜಿಗ: ಗ್ರೀನ್‌ಲ್ಯಾಂಡಿನ ಹಿಮದ ಪದರಗಳ ಪ್ರಕಾರ ಅಲ್ಲಿನ ಉಷ್ಣಾಂಶ ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿಯಷ್ಟು ಏರಿತು. ಅಜ್ಜ ಕಂಡ ಲೋಕವನ್ನು ಮೊಮ್ಮಗ ಕಾಣಲಿಲ್ಲ. ಕರಗಿದ ಹಿಮದ ಸಿಹಿನೀರು ಅಟ್ಲಾಂಟಿಕ್‌ಗೆ ನುಗ್ಗಿ, ದಕ್ಷಿಣದ ಬಿಸಿಯನ್ನು ಉತ್ತರಕ್ಕೆ ಒಯ್ಯುತ್ತಿದ್ದ ಸಾಗರದ ಹರಿವನ್ನು ಕುಗ್ಗಿಸಿತು ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಸುಮಾರು 8,200 ವರ್ಷಗಳ ಹಿಂದೆ, ಕೆನಡಾದಲ್ಲಿ ಹಿಮದ ಗೋಡೆಯ ಹಿಂದೆ ನಿಂತಿದ್ದ ಭಾರಿ ಸರೋವರ ಒಡೆದು ಹಡ್ಸನ್ ಕೊಲ್ಲಿಗೆ ಹರಿದಾಗಲೂ ಸಣ್ಣ ಪ್ರಮಾಣದಲ್ಲಿ ಇಂಥದ್ದೇ ನಡೆಯಿತು.

ಅಟ್ಲಾಂಟಿಕ್ ತಣ್ಣಗಾದರೆ ನಮಗೇನು ಎನ್ನುವಂತಿಲ್ಲ. ಆ ಕಡಲು ತಣ್ಣಗಾದಾಗಲೆಲ್ಲ ನಮ್ಮ ಮುಂಗಾರು ಸೊರಗಿದೆ. ಇದಕ್ಕೆ ಸಾಕ್ಷಿ ಹೇಳುವುದು ಗುಹೆಗಳು. ಸುಣ್ಣಕಲ್ಲಿನ ಗುಹೆಯ ನೆಲದಲ್ಲಿ ತೊಟ್ಟಿಕ್ಕುವ ನೀರು ವರ್ಷ ವರ್ಷವೂ ಪದರ ಕಟ್ಟಿ ಕಲ್ಲಿನ ಕಂಬವಾಗಿ ಬೆಳೆಯುತ್ತದೆ. ಮಳೆ ಬಲವಾಗಿದ್ದಾಗ ಆ ಪದರದಲ್ಲಿ ಹಗುರ ಆಮ್ಲಜನಕದ ಪಾಲು ಹೆಚ್ಚು, ಸೊರಗಿದಾಗ ಭಾರದ್ದು ಹೆಚ್ಚು. ಪದರದ ವಯಸ್ಸನ್ನು ಅದರಲ್ಲಿರುವ ಯುರೇನಿಯಂ ಹೇಳುತ್ತದೆ. ಮೇಘಾಲಯದ ಮಾಮ್ಲು ಗುಹೆಯ ಇಂಥ ಒಂದು ಕಲ್ಲು ಸುಮಾರು 4,200 ವರ್ಷಗಳ ಹಿಂದಿನ ಮಳೆಯ ಕುಸಿತವನ್ನು ದಾಖಲಿಸಿತ್ತು. ಅದನ್ನೇ ಗುರುತಾಗಿಟ್ಟುಕೊಂಡು 2018ರಲ್ಲಿ ಭೂವಿಜ್ಞಾನಿಗಳು ನಾವಿರುವ ಕಾಲಘಟ್ಟಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟರು. ಹರಪ್ಪ, ಮೊಹೆಂಜೊದಾರೊ ನಗರಗಳು ಖಾಲಿಯಾಗತೊಡಗಿದ್ದು ಇದರ ಕೆಲವು ಶತಮಾನಗಳ ನಂತರ. ಬರವೊಂದೇ ಕಾರಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅದೇ ಕಾಲದಲ್ಲಿ ಬಳ್ಳಾರಿಯ ಸಂಗನಕಲ್ಲಿನಂಥ ಊರುಗಳಲ್ಲಿ ನಮ್ಮ ಹಿಂದಿನವರು ದನ ಸಾಕಿಕೊಂಡು ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರು. ಮೂರೂ ಕಡಿಮೆ ನೀರಿನ ಬೆಳೆಗಳು. ಹುರುಳಿಕಟ್ಟಿನ ಸಾರು ಬಡವರ ಊಟ ಎಂದು ಯಾರಾದರೂ ಮೂಗು ಮುರಿದರೆ, ಅದು ನಾಲ್ಕು ಸಾವಿರ ವರ್ಷಗಳ ಬರಗಳನ್ನು ದಾಟಿ ಬಂದ ಊಟ ಎಂದು ಹೇಳಬಹುದು.

ಇನ್ನಷ್ಟು ಹತ್ತಿರಕ್ಕೆ ಬರೋಣ. ಛತ್ತೀಸ್‌ಗಢದ ದಂಡಕ್ ಗುಹೆಯ ಕಲ್ಲು 14 ಮತ್ತು 15ನೇ ಶತಮಾನಗಳಲ್ಲಿ ಮುಂಗಾರು ಮತ್ತೆ ಮತ್ತೆ ಸೋತದ್ದನ್ನು ತೋರಿಸುತ್ತದೆ. ದಖ್ಖನ್ನಿನ ನೆನಪಿನಲ್ಲಿ 1396ರಿಂದ ಹನ್ನೆರಡು ವರ್ಷ ಕಾಡಿತೆನ್ನಲಾದ ‘ದುರ್ಗಾದೇವಿ ಬರ’ ಇದೇ ಅವಧಿಯದು. ವಿಜಯನಗರ ತಲೆಯೆತ್ತಿದ್ದೂ ಇದೇ ಶತಮಾನದಲ್ಲಿ, ಅದೂ ಒಣನೆಲದ ನಡುವೆ. 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಇರಬಾರದ ಆರು ದೋಷಗಳು ಅದರಲ್ಲಿವೆ. ಎರಡು ವರ್ಷ ದಿನವೂ ಸಾವಿರ ಆಳು, ನೂರು ಗಾಡಿ ದುಡಿದವು ಎಂದೂ ಬರೆದಿದೆ. ಹವಾಮಾನವನ್ನು ಅವರು ಬದಲಾಯಿಸಲಾರರು, ನೀರನ್ನು ನಿಲ್ಲಿಸಬಲ್ಲರು. ಅಷ್ಟನ್ನು ಮಾಡಿದರು.

ಆ ಏರ್ಪಾಡೂ ಸಾಲದೆ ಹೋದ ವರ್ಷಗಳು ಧಾತು ಮತ್ತು ಈಶ್ವರ ಸಂವತ್ಸರಗಳು. ನಮ್ಮಲ್ಲಿ ‘ಧಾತು ಈಶ್ವರ ಬರ’, ತಮಿಳರಲ್ಲಿ ‘ತಾದು ವರುಷ ಪಂಚಂ’. ಹೆಸರಿನಲ್ಲಿ ಎರಡು ಭಾಷೆಯವರಿಗೂ ಜಗಳವಿಲ್ಲ. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. 1877ರ ಮುಂಗಾರೂ ಸೆಪ್ಟೆಂಬರ್‌ವರೆಗೆ ಕಣ್ಣು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಪಾಡು ಇನ್ನೂ ಘೋರ. ಚೆಂಗಲ್‌ಪಟ್ಟು ಸೀಮೆಯಿಂದ ಬಂದು ಮೈಸೂರಿನ ದಿವಾನರಾದ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಸಂಸ್ಥಾನದ ಮೇಲೆ ಬರದ 80 ಲಕ್ಷ ರೂಪಾಯಿ ಸಾಲವಿತ್ತು.

ಮಳೆ ತಪ್ಪಿದ್ದು ಪ್ರಕೃತಿಯಿಂದ. ಆದರೆ ಸತ್ತವರೆಲ್ಲ ಮಳೆಯಿಂದ ಸತ್ತವರಲ್ಲ. ಆ ವರ್ಷಗಳಲ್ಲೂ ಭಾರತದಿಂದ ಧಾನ್ಯ ರಫ್ತಾಗುತ್ತಿತ್ತು. ಪರಿಹಾರ ಕಾಮಗಾರಿಗೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕದ ಕೂಲಿ ಸಾಕೆಂದು ರಿಚರ್ಡ್ ಟೆಂಪಲ್ ತೀರ್ಮಾನಿಸಿದರು. ಅದು ಸಾಯಿಸುವ ಲೆಕ್ಕವೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ವಾದಿಸಿದರು. ಹಸಿದವರು ನಗರಕ್ಕೆ ಬಂದರು. ಕೂವಂ ಮತ್ತು ಅಡ್ಯಾರ್ ನದಿಗಳನ್ನು ಕೂಡಿಸುವ ಬಕಿಂಗ್‌ಹ್ಯಾಂ ಕಾಲುವೆಯ ತುಂಡನ್ನು 1877-78ರಲ್ಲಿ ತೋಡಿದ್ದು ಅಂಥವರೇ. ಮೈಲಾಪುರದಲ್ಲಿ ಮೂಗು ಮುಚ್ಚಿಕೊಂಡು ದಾಟುವ ಆ ಕಪ್ಪು ನೀರು ಬರದ ವಲಸಿಗರ ಬೆವರು. ನಮ್ಮ ಬೆಂಗಳೂರು ಮೈಸೂರು ರೈಲುದಾರಿಯೂ ಅದೇ ಬರದ ಕಾಮಗಾರಿ.

ಆ ಬರದ ನಂತರವೇ ಮಳೆಯ ಗುಟ್ಟು ಹುಡುಕುವ ಕೆಲಸ ಗಂಭೀರವಾಯಿತು. ನುಂಗಂಬಾಕ್ಕಂನ ವೀಕ್ಷಣಾಲಯದಲ್ಲಿ 1813ರಿಂದ ಮಳೆಯ ಲೆಕ್ಕ ಬರೆದಿಡುತ್ತಿದ್ದರು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಊರೂರಿನ ಲೆಕ್ಕಗಳನ್ನು ಕೂಡಿಸಿ ನೋಡಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ಗಾಳಿಯೊತ್ತಡ ತಕ್ಕಡಿಯಂತೆ ಒಂದು ಏರಿದರೆ ಇನ್ನೊಂದು ಇಳಿಯುವುದನ್ನು ಗುರುತಿಸಿದರು. ನಾವೀಗ ಎಲ್ ನಿನೋ ಎನ್ನುವುದು ಅದರ ಸಾಗರದ ಮುಖ. 1877ರದ್ದು ಬಲವಾದ ಎಲ್ ನಿನೋ. ಆದರೆ ಅರವತ್ತರ ಚಕ್ರ ಎರಡು ಸುತ್ತು ತಿರುಗಿ 1997ರಲ್ಲಿ ಈಶ್ವರ ಸಂವತ್ಸರ ಮತ್ತೆ ಬಂದಾಗಲೂ ಬಲವಾದ ಎಲ್ ನಿನೋ ಇತ್ತು, ದೇಶದ ಮುಂಗಾರು ಮಾತ್ರ ಸರಾಸರಿಯಷ್ಟೇ ಆಯಿತು. ತಕ್ಕಡಿ ಒಂದೇ ಅಲ್ಲ, ಹಲವಿವೆ.

ವಲಸಿಗರಿಗೆ ಇದರ ಅರ್ಥ ತಿಳಿದದ್ದು 2015ರಲ್ಲಿ. ಅದೂ ಎಲ್ ನಿನೋ ವರ್ಷ. ದೇಶದ ಮುಂಗಾರು ಶೇಕಡಾ 14ರಷ್ಟು ಕೊರತೆಯಾಗಿ ಉತ್ತರ ಕರ್ನಾಟಕದ ಹೊಲಗಳು ಒಣಗಿದವು. ಅದೇ ನವೆಂಬರ್‌ನಲ್ಲಿ ನುಂಗಂಬಾಕ್ಕಂನ ಮಾಪಕದಲ್ಲಿ 1,049 ಮಿಲಿಮೀಟರ್ ಮಳೆ, ಡಿಸೆಂಬರ್ ಮೊದಲ ದಿನ ಪ್ರವಾಹ. ಊರಿನಲ್ಲಿ ಬರ, ಬಾಡಿಗೆ ಮನೆಯಲ್ಲಿ ನೆರೆ. ಎರಡಕ್ಕೂ ಒಂದೇ ಕಡಲಿನ ಕೈವಾಡವಿತ್ತು. ನೀರು ಹುಡುಕಿಕೊಂಡು ಹೋದ ತಗ್ಗುಗಳೆಲ್ಲ ಹಳೆಯ ಕೆರೆಯಂಗಳಗಳು, ನದಿಯ ಬಯಲುಗಳು. ನಾಲ್ಕೇ ವರ್ಷಕ್ಕೆ, 2019ರ ಬೇಸಿಗೆಯಲ್ಲಿ, ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಹೆಚ್ಚೂಕಡಿಮೆ ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಅದು ಮೆಟ್ಟೂರಿನ ಕಾವೇರಿ ನೀರು. ಮಳೆ ಸೋತ ವರ್ಷ ಅದೇ ಕಾವೇರಿಯ ಸುದ್ದಿ ಬಂದರೆ, ಇಲ್ಲಿನ ಕನ್ನಡದವರೂ ಅಲ್ಲಿನ ತಮಿಳರೂ ಬೀದಿಯಲ್ಲಿ ಮಾತೃಭಾಷೆ ಆಡುವ ದನಿ ತಗ್ಗಿಸುತ್ತಾರೆ. ನಮ್ಮ ಪಾಲಿಗೆ ಹವಾಮಾನ ಎಂದರೆ ಅದೂ ಹೌದು.

‘ಹವಾಮಾನ ಹಿಂದಿನಿಂದಲೂ ಬದಲಾಗುತ್ತಲೇ ಇದೆ, ಈಗೇಕೆ ಗಾಬರಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೊದಲರ್ಧ ನಿಜ, ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಹಿಂದಿನ ಪಲ್ಲಟಗಳು ಹೇಳುವುದು ಈ ವ್ಯವಸ್ಥೆ ಎಷ್ಟು ನಾಜೂಕು, ಒಂದು ಮೂಲೆಯಲ್ಲಿ ತಳ್ಳಿದರೆ ಇನ್ನೊಂದು ಮೂಲೆಯಲ್ಲಿ ಎಷ್ಟು ಬೇಗ ವಾಲುತ್ತದೆ ಎಂಬುದನ್ನು. ಅಂದು ತಳ್ಳಿದ್ದು ಹಿಮದ ನೀರು, ಜ್ವಾಲಾಮುಖಿ, ಭೂಮಿಯ ಕಕ್ಷೆ. ಇಂದು ತಳ್ಳುತ್ತಿರುವುದು ನಾವು: ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಬೆಟ್ಟದಿಂದ ಬಂಡೆ ತಾನಾಗಿಯೂ ಉರುಳಿದ್ದುಂಟು ಎಂಬುದು, ಬಂಡೆಯನ್ನು ನೂಕುವುದಕ್ಕೆ ಅಪ್ಪಣೆಯಾಗುವುದಿಲ್ಲ.

ಮಾಂಬಲದ ಕೆರೆ ಮರಳಿ ಬರುವುದಿಲ್ಲ. ಕಾವೇರಿಯ ಎರಡೂ ದಡದಲ್ಲಿ ಇನ್ನೂ ಉಳಿದ ಕೆರೆಗಳಿವೆ. ಅವುಗಳ ಏರಿಯನ್ನೂ ಕೋಡಿಯನ್ನೂ ಕಾಯುವುದು, ಪೋರುಮಾಮಿಳ್ಳದ ಸಾವಿರ ಆಳುಗಳಿಗೆ ಗೊತ್ತಿದ್ದಂತೆ, ಮಳೆ ಬರುವ ಮೊದಲೇ ಮಾಡಬೇಕಾದ ಕೆಲಸ.