54 ಚಿಹ್ನೆಗಳ ‘ಇತಿಹಾಸ’

ಮಹಾರಾಷ್ಟ್ರದ ಗಡಿಯ ಶಿರೋಳದ ನಮ್ಮ ಮನೆಯಲ್ಲಿ ಮಾತು ಕನ್ನಡ, ಹೊಲದ ಸಾತಬಾರಾ ಉತಾರ (ಪಹಣಿ) ಮರಾಠಿ. ಒಂದೂರಿನಲ್ಲಿ ಒಂದು ಸರ್ವೆ ನಂಬರು ಒಂದೇ ಹೊಲಕ್ಕೆ ಎಂಬುದನ್ನು ಅಜ್ಜನಿಂದ ಕಲಿತೆ. 1835ರಲ್ಲಿ ಇಂದಾಪುರದಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್, ವಿಂಗೇಟ್ ಕೈಹಾಕಿದ ಮೋಜಣಿಯಿಂದ ಈ ಸೀಮೆಯಲ್ಲೆಲ್ಲ ಬೇರೂರಿದ ಪದ್ಧತಿ ಅದು.

ಜಾಲಪುಟಕ್ಕೂ ಅಂಥದೇ ನಂಬರುಂಟು. 1997ರ ಎಚ್‌ಟಿಎಂಎಲ್ 4 ನಿಯಮದಂತೆ ಪುಟದ ಬಹುತೇಕ ಅಂಗಗಳಿಗೆ ‘ಐಡಿ’ ಕೊಡಬಹುದು. ಒಂದು ಪುಟದಲ್ಲಿ ಒಂದು ಐಡಿ ಒಮ್ಮೆ ಮಾತ್ರ. ಆದರೆ ಅದರಲ್ಲಿ ಲ್ಯಾಟಿನ್ ಅಕ್ಷರ, ಅಂಕಿ, ಚುಕ್ಕಿಯಂಥ ಕೆಲವು ಚಿಹ್ನೆಗಳಿಗಷ್ಟೇ ಅವಕಾಶವಿತ್ತು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ.

2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದ ಪುಟಗಳನ್ನು ಪೈಥಾನ್ ಸ್ಕ್ರಿಪ್ಟಿನಿಂದ ತರಿಸಿ, ಶೀರ್ಷಿಕೆಗಳ ಐಡಿ ಹೆಕ್ಕಿದಾಗ ಆ ಕಾಲದ ಗುರುತು ಕಂಡೆ. ‘ಇತಿಹಾಸ’ ಎಂಬ ಪದಕ್ಕೆ ಯುನಿಕೋಡಿನಲ್ಲಿ ಆರು ಸಂಕೇತ. ಒಂದೊಂದಕ್ಕೆ ಮೂರು ಬೈಟು. ಹಳೆಯ ಐಡಿಯಲ್ಲಿ ಪ್ರತಿ ಬೈಟಿಗೆ ಒಂದು ಚುಕ್ಕಿ, ಹದಿನಾರರ ಲೆಕ್ಕದ ಎರಡು ಅಂಕಿ. ಒಟ್ಟು 54 ಚಿಹ್ನೆ! ನಮ್ಮ ನುಡಿ ಯಾರಿಗೂ ಓದಲಾಗದ ಒಗಟಾಗಿತ್ತು.

ವಿಕಿಪೀಡಿಯ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ 2017ರ 1.30 ಆವೃತ್ತಿ ಐಡಿಯನ್ನು ಆಯಾ ಲಿಪಿಯಲ್ಲೇ ಬರೆಯಲು ದಾರಿ ತೆರೆಯಿತು. ಹಳೆಯ ಕೊಂಡಿಗಳು ತುಂಡಾಗದಂತೆ ಹಳೆಯ ಐಡಿಯನ್ನೂ ಉಳಿಸುವ ಏರ್ಪಾಡು ಅದರಲ್ಲಿತ್ತು.

ನನ್ನ ಸ್ಕ್ರಿಪ್ಟು ಹೆಕ್ಕುವ ಹೊಸ ಐಡಿ ಪರದೆಯ ಮೇಲೆ ‘ಇತಿಹಾಸ’ ಎಂದೇ ಮೂಡುತ್ತದೆ. ಗಡಿಯಲ್ಲಿ ಬೆಳೆದ ನನಗೆ, ಸ್ವಂತ ಲಿಪಿಯಲ್ಲಿ ಸ್ವಂತ ವಿಳಾಸ ಸಿಗುವುದು ಸಣ್ಣ ಸಂಗತಿಯಲ್ಲ.