ಪಕ್ಕದ ಮನೆಯವರು ಹೋಗಿಬಂದರೇ?

1950ರ ದಶಕದ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆಂದು ಎದೆಯ ಎಕ್ಸ್-ರೇ ತೆಗೆಯುವ ವಾಹನಗಳು ಬಡಾವಣೆಗಳಿಗೇ ಬಂದು ನಿಲ್ಲುತ್ತಿದ್ದವು. ಕಾಸು ಕೊಡಬೇಕಿರಲಿಲ್ಲ, ದೂರ ಹೋಗಬೇಕಿರಲಿಲ್ಲ. ಆದರೂ ಬಹಳ ಮಂದಿ ಅತ್ತ ಸುಳಿಯಲಿಲ್ಲ. ಕಾರಣ ಹುಡುಕಹೊರಟ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಮನೋವಿಜ್ಞಾನಿಗಳಾದ ಗಾಡ್‌ಫ್ರೀ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮೊದಲಾದವರು ‘ಆರೋಗ್ಯ ನಂಬಿಕೆ ಮಾದರಿ’ ಎಂಬ ಚೌಕಟ್ಟು ಕಟ್ಟಿದರು. ರೋಗ ತನಗೂ ಬಂದೀತೆಂಬ ಅಳುಕು, ಬಂದರೆ ಗತಿಯೇನೆಂಬ ಅಂದಾಜು, ತಪಾಸಣೆಯ ಲಾಭ, ಅದಕ್ಕಿರುವ ಅಡ್ಡಿ ಇವನ್ನೆಲ್ಲ ತೂಗಿ ಮನುಷ್ಯ ತೀರ್ಮಾನಿಸುತ್ತಾನೆ ಎಂಬುದು ಅದರ ಸಾರ. ಕ್ಯಾನ್ಸರ್ ತಪಾಸಣೆಗೆ ಜನ ಯಾಕೆ ಬರುವುದಿಲ್ಲ ಎಂಬ ಅಧ್ಯಯನಗಳೂ ಬಹುಕಾಲ ಇದೇ ಜಾಡು ಹಿಡಿದವು. ಆ ಲೆಕ್ಕದಲ್ಲಿ ಅತ್ತೆ, ಗಂಡ, ನೆರೆಮನೆಯವರು ಯಾರಿಗೂ ದೊಡ್ಡ ಜಾಗವಿರಲಿಲ್ಲ.

ಅವರಿಗೆ ಜಾಗ ಸಿಕ್ಕಿದ್ದು 1975ರಲ್ಲಿ, ಮಾರ್ಟಿನ್ ಫಿಶ್‌ಬೈನ್ ಮತ್ತು ಐಸೆಕ್ ಐಝೆನ್ ಮಂಡಿಸಿದ ಸಿದ್ಧಾಂತದಲ್ಲಿ. ನಾನು ಗೌರವಿಸುವವರು ನನ್ನಿಂದ ಏನನ್ನು ಬಯಸುತ್ತಾರೆ ಎಂಬ ಗ್ರಹಿಕೆಯೂ ನನ್ನ ಇರಾದೆಯನ್ನು ರೂಪಿಸುತ್ತದೆ ಎಂದರು ಅವರು. 2008ರಲ್ಲಿ ರಿಚರ್ಡ್ ಕುಕ್ ಮತ್ತು ಡೇವಿಡ್ ಫ್ರೆಂಚ್ ಈ ಬಗೆಯ ತಪಾಸಣಾ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇರಾದೆಯೊಂದಿಗೆ ಗಟ್ಟಿ ನಂಟು ಕಂಡದ್ದು ವ್ಯಕ್ತಿಯ ಸ್ವಂತ ಮನೋಭಾವಕ್ಕೆ; ಇತರರ ನಿರೀಕ್ಷೆಗೆ ಕಂಡದ್ದು ಮಧ್ಯಮ ಮಟ್ಟದ ನಂಟು. ಹಾಗೆಂದು ಸಾಮಾಜಿಕ ರೂಢಿ ಎರಡನೇ ಸಾಲಿನ ಸಂಗತಿ ಎಂದುಕೊಂಡರೆ ತಪ್ಪಾಗುತ್ತದೆ. ನನ್ನ ದೃಷ್ಟಿಯಲ್ಲಿ ಕೇಳಿದ ಪ್ರಶ್ನೆಯೇ ಕಿರಿದಾಗಿತ್ತು.

ಪ್ರಶ್ನೆಯನ್ನು ಅದಕ್ಕೂ ಮೊದಲೇ ಹಿಗ್ಗಿಸಿದ್ದವರು ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು. ಜನ ಯಾವುದನ್ನು ಸರಿ ಎನ್ನುತ್ತಾರೆ ಎಂಬುದು ಒಂದು, ಜನ ನಿಜಕ್ಕೂ ಏನು ಮಾಡುತ್ತಾರೆ ಎಂಬುದು ಇನ್ನೊಂದು ಎಂದು 1990ರಲ್ಲಿ ಅವರು ಬೇರ್ಪಡಿಸಿ ತೋರಿಸಿದರು. ತಪಾಸಣೆಯ ವಿಷಯದಲ್ಲಿ ಇವೆರಡೂ ಆಗಾಗ ಎದುರುಬದುರಾಗುತ್ತವೆ: ‘ಒಳ್ಳೆಯದು, ಮಾಡಿಸಿಕೊಳ್ಳಬೇಕು’ ಎಂದು ಎಲ್ಲರೂ ಹೇಳುತ್ತಾರೆ, ಹೋಗಿಬಂದವರು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಇದರ ಪರಿಣಾಮವನ್ನು ಚೆನ್ನಾಗಿ ಬಿಡಿಸಿಟ್ಟದ್ದು ಜರ್ಮನಿಯ ಮೋನಿಕಾ ಸೀವರ್ಡಿಂಗ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ 45 ದಾಟಿದ ಗಂಡಸರಿಗೆ ವರ್ಷಕ್ಕೊಮ್ಮೆ ಕ್ಯಾನ್ಸರ್ ತಪಾಸಣೆಯ ಹಕ್ಕಿದೆ, ಬಳಸಿಕೊಳ್ಳುವವರು ಕಡಿಮೆ. ತಂಡವು ಕೆಲವರಿಗೆ ‘ಬಹಳ ಗಂಡಸರು ಹೋಗುತ್ತಿದ್ದಾರೆ’ ಎಂಬ ಮಾಹಿತಿಯನ್ನೂ ಇನ್ನು ಕೆಲವರಿಗೆ ‘ಕೆಲವರಷ್ಟೇ ಹೋಗುತ್ತಾರೆ’ ಎಂಬುದನ್ನೂ ಕೊಟ್ಟು ನೋಡಿತು. ಎರಡನೆಯದನ್ನು ಓದಿದವರ ಉತ್ಸಾಹ ಮೊದಲನೆಯವರಿಗಿಂತ ಕುಗ್ಗಿತ್ತು. ‘ಜನ ಬರುತ್ತಲೇ ಇಲ್ಲ’ ಎಂಬ ಕಳಕಳಿಯ ಪ್ರಕಟಣೆ, ಬಾರದಿರುವುದೇ ವಾಡಿಕೆ ಎಂಬ ಸುದ್ದಿಯನ್ನು ಹರಡುತ್ತದೆ. ನಮ್ಮ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಜಾಗೃತಿ ಶಿಬಿರಗಳ ಭಾಷಣಗಳಲ್ಲಿ ಇಂದಿಗೂ ಈ ವಾಕ್ಯ ನಿಂತಿಲ್ಲ. ಬರೆಯುವವರು, ಮಾತನಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹೆಸರಾಂತವರ ಕಾಯಿಲೆಯೂ ರೂಢಿಯನ್ನು ಕದಲಿಸುತ್ತದೆ. ಬ್ರಿಟನ್ನಿನ ಟಿವಿ ತಾರೆ ಜೇಡ್ ಗೂಡಿ ಗರ್ಭಕಂಠದ ಕ್ಯಾನ್ಸರಿನಿಂದ 2009ರಲ್ಲಿ, 27ರ ಹರೆಯದಲ್ಲಿ ತೀರಿಕೊಂಡರು. ಆಕೆಯ ಕಾಯಿಲೆಯ ಸುದ್ದಿ ಹಬ್ಬಿದ್ದ ಆ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಗಟ್ಟಲೆ ಮಹಿಳೆಯರು ಹೆಚ್ಚುವರಿಯಾಗಿ ತಪಾಸಣೆಗೆ ಬಂದರು. ಆ ಅಲೆ ಬೇಗನೇ ಇಳಿಯಿತು.

ಹಾಗಾದರೆ ದಿನವೂ ಜೊತೆಗಿರುವವರ ಪ್ರಭಾವ ಎಷ್ಟು? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಪ್ರಸಿದ್ಧ ಹೃದಯ ಅಧ್ಯಯನದ ದಾಖಲೆಗಳನ್ನು ಬಳಸಿ 2011ರಲ್ಲಿ ನ್ಯಾನ್ಸಿ ಕೀಟಿಂಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಉತ್ತರ ಅಚ್ಚರಿಯದು: ಸ್ತನ ತಪಾಸಣೆಯಲ್ಲಿ ಸಹೋದರಿಯರ ಪ್ರಭಾವ ತುಸು ಇತ್ತು, ದೊಡ್ಡಕರುಳಿನ ತಪಾಸಣೆಯಲ್ಲಿ ಸಂಗಾತಿಯದು ಇತ್ತು; ಗೆಳೆಯರದು ಇಲ್ಲವೆನ್ನುವಷ್ಟು. ನನಗೆ ತೋರುವ ಕಾರಣ, ಒಬ್ಬರು ಸಿಗರೇಟು ಬಿಟ್ಟರೆ ಸುತ್ತಲಿನವರಿಗೆ ಕಾಣುತ್ತದೆ, ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೊಗ್ರಾಮ್ ಮಾಡಿಸಿಕೊಂಡರೆ ಕಾಣುವುದಿಲ್ಲ. ಅದನ್ನು ಕಾಣಿಸುವ ದಾರಿ ಅರ್ಕಾನ್ಸಾಸ್‌ನಲ್ಲಿ 1990ರ ಹೊತ್ತಿಗೇ ಶುರುವಾಗಿತ್ತು. ಸ್ತನ ಕ್ಯಾನ್ಸರ್ ಗೆದ್ದ ಕಪ್ಪು ಮಹಿಳೆಯರು ಚರ್ಚುಗಳಲ್ಲಿ ಎದ್ದುನಿಂತು, ತಮ್ಮವರ ಮುಂದೆ ತಮ್ಮ ಕಥೆ ಹೇಳುವ ‘ವಿಟ್ನೆಸ್ ಪ್ರಾಜೆಕ್ಟ್’ ಅದು. ಕೇಳುವವರಿಗೆ ಅಲ್ಲಿ ಕಂಡದ್ದು ಅಂಕಿಸಂಖ್ಯೆಯಲ್ಲ, ಪಕ್ಕದ ಬೆಂಚಿನ ಅಕ್ಕ.

ಭಾರತಕ್ಕೆ ಬಂದರೆ ಸಂಖ್ಯೆಗಳು ಎದೆ ಕುಗ್ಗಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ಶೇ. 1.9, ಸ್ತನದ್ದು ಶೇ. 0.9. ಆದರೆ ಇದು ನಮ್ಮ ಹೆಂಗಸರ ಹಟ ಎನ್ನಲಾಗದು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಹಳ್ಳಿಗಳ ಮಟ್ಟದಲ್ಲಿ, ತರಬೇತಾದ ನರ್ಸುಗಳೇ ತಪಾಸಣೆ ನಡೆಸಿದಾಗ ಅರ್ಹರಾದ 49,311 ಮಂದಿಯಲ್ಲಿ 31,343 ಮಂದಿ ಬಂದರು. ಗರ್ಭಕಂಠದ ಕ್ಯಾನ್ಸರಿನ ಸಾವು ಅಲ್ಲಿ ಶೇ. 35ರಷ್ಟು ತಗ್ಗಿತೆಂದು 2007ರಲ್ಲಿ ವರದಿಯಾಯಿತು.

ಈಗ ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ನಮೂನೆ ತುಂಬುತ್ತಾರೆ. ಎದೆಯಲ್ಲಿ ಗಂಟು ಇದೆಯಾ? ಮುಟ್ಟು ನಿಂತ ಮೇಲೆ ರಕ್ತ ಹೋಗಿದೆಯಾ? ಗಂಡ ಹೆಂಡತಿ ಕೂಡಿದ ಮೇಲೆ ರಕ್ತ ಕಂಡಿದೆಯಾ? ಜಗಲಿಯ ಮೇಲೆ, ಅತ್ತೆ ಅಕ್ಕಿ ಆರಿಸುತ್ತ ಕಿವಿಗೊಟ್ಟಿರುವಾಗ ಈ ಪ್ರಶ್ನೆಗಳಿಗೆಲ್ಲ ಸೊಸೆಯಿಂದ ಬರುವ ಉತ್ತರ ‘ಇಲ್ಲ’ ಅಲ್ಲದೆ ಇನ್ನೇನಾದೀತು? ‘ಚೆನ್ನಾಗಿರೋಳು ಯಾಕಮ್ಮಾ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾಲ್ಕು ಜನ ಏನಂದಾರು’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಯಾರಿಗೆ ತಿಳಿಹೇಳಬೇಕು ಎಂಬ ಪ್ರಶ್ನೆಗೆ ಉತ್ತರ ಆ ಜಗಲಿಯಲ್ಲೇ ಇದೆ: ಸೊಸೆಗಿಂತ ಮೊದಲು ಅತ್ತೆಗೆ. ಆಕೆಯನ್ನೇ ಮೊದಲು ತಪಾಸಣೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ಇತ್ತೀಚಿನ ಬೆಳವಣಿಗೆಗಳು ಎರಡು ದಿಕ್ಕಿನವು. 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಗೆ ಹೆಣ್ಣು ತಾನೇ ಮಾದರಿ ತೆಗೆದುಕೊಡುವುದನ್ನು ಒಪ್ಪುತ್ತದೆ. ನಾಚಿಕೆಯ ಗೋಡೆಯನ್ನು ಇದು ಬಳಸಿಕೊಂಡು ಹೋಗುತ್ತದೆ. ಇನ್ನೊಂದು, ಗ್ರೆಗ್ ಸ್ಪಾರ್ಕ್‌ಮನ್ ಮತ್ತು ಗ್ರೆಗರಿ ವಾಲ್ಟನ್ 2017ರಲ್ಲಿ ಮಾಂಸಾಹಾರ ತಗ್ಗಿಸುವ ಸಂದರ್ಭದಲ್ಲಿ ತೋರಿಸಿದ್ದು: ಮಾಡುವವರು ಕಡಿಮೆಯಿದ್ದರೂ ‘ದಿನೇದಿನೇ ಹೆಚ್ಚುತ್ತಿದ್ದಾರೆ’ ಎಂದು ಹೇಳಿದರೆ ಜನ ಅತ್ತ ವಾಲುತ್ತಾರೆ. ಶೇ. 1.9ರ ದೇಶಕ್ಕೆ ಸುಳ್ಳು ಹೇಳದೆ ಆಡಬಹುದಾದ ಮಾತು ಇದೊಂದೇ ಎನಿಸುತ್ತದೆ, ಹೆಚ್ಚಳ ನಿಜವಾಗಿದ್ದರೆ. ಒತ್ತಾಯಕ್ಕೂ ಮಿತಿ ಬೇಕು. ಸ್ತನ ತಪಾಸಣೆಯಲ್ಲಿ ಅನಗತ್ಯ ಪತ್ತೆ, ಅನಗತ್ಯ ಚಿಕಿತ್ಸೆಯ ಹಾನಿಯೂ ಇದೆಯೆಂದು 2012ರಲ್ಲಿ ಬ್ರಿಟನ್ನಿನ ಮಾರ್ಮಟ್ ಸಮಿತಿ ಹೇಳಿತು. ‘ಎಲ್ಲರೂ ಹೋಗುತ್ತಿದ್ದಾರೆ’ ಎಂಬುದು ವಿಚಾರಿಸಿ ಒಪ್ಪುವ ಹಕ್ಕನ್ನು ನುಂಗಬಾರದು.

ಯಾವ ಊರಿನಿಂದ ಎಷ್ಟು ಮಂದಿ ಬಂದರು ಎಂಬ ಲೆಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದ್ದೇ ಇರುತ್ತದೆ. ಅದು ಮೇಲಿನ ಕಚೇರಿಗೆ ಹೋಗುತ್ತದೆ. ಹೆಸರುಗಳನ್ನು ಬಿಟ್ಟು ಸಂಖ್ಯೆಯನ್ನಷ್ಟೇ, ಏರುತ್ತಿರುವ ಊರುಗಳಲ್ಲಾದರೂ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಓದಿ ಹೇಳಲು ಯಾವ ಹೊಸ ಅನುದಾನವೂ ಬೇಕಿಲ್ಲ.